ಪುಲಿಕಾಟ್ ತುಂಬಿ ತುಳುಕಿದ ವರ್ಷ ರಾಜಹಂಸ ಕಡಿಮೆ ಯಾಕೆ?

ಉಪ್ಪುಗಾಳಿ:
ಒಂದು ಲೆಕ್ಕ ಬಗೆಹರೀತಿಲ್ಲ, ತಿಳಿದವರು ಹೇಳಿ. ಹಿಂಗಾರು ಚೆನ್ನಾಗಿ ಸುರಿದು ಆಂಧ್ರ–ತಮಿಳುನಾಡು ಗಡಿಯ ಪುಲಿಕಾಟ್ ಸರೋವರ ಅಂಚಿನ ತನಕ ತುಂಬಿದ ವರ್ಷ "ಈ ಸಲ ಹಕ್ಕಿಗಳ ಜಾತ್ರೆ" ಅಂತ ಎಲ್ಲರೂ ಬರೀತಾರೆ. ಆದರೆ ಅಂಥ ವರ್ಷದ ಡಿಸೆಂಬರ್‌ನಲ್ಲಿ ಸೂಳ್ಳೂರುಪೇಟೆ–ಶ್ರೀಹರಿಕೋಟ ರಸ್ತೆಯ ಎರಡೂ ಬದಿ ಬರೀ ನೀರು, ರಾಜಹಂಸ (ಫ್ಲೆಮಿಂಗೊ) ಎಲ್ಲೋ ದೂರದಲ್ಲಿ ಒಂದು ಗುಲಾಬಿ ಗೆರೆ. ಮಳೆ ಅಷ್ಟಕ್ಕಷ್ಟೇ ಆದ ವರ್ಷ ಅದೇ ರಸ್ತೆ ಪಕ್ಕದಲ್ಲೇ ಹಿಂಡುಹಿಂಡು. ನೀರುಹಕ್ಕಿಗೆ ನೀರು ಜಾಸ್ತಿಯಾದರೆ ತೊಂದರೆನಾ? ಜನವರಿ ಕೊನೆಗೆ ನೋಡಲು ಹೋಗುವವರು ಎಲ್ಲಿ, ಯಾವ ಹೊತ್ತಿಗೆ ನಿಲ್ಲಬೇಕು ಅನ್ನೋದನ್ನೂ ಹೇಳಿ.

ಕೆಸರುಗಾಲು:
ತೊಂದರೆಯೇ. ಪುಲಿಕಾಟನ್ನು ಕೆರೆ ಅಂತ ನೋಡಬೇಡಿ, ನೀರು ಹರಡಿದ ತಟ್ಟೆ ಅಂತ ನೋಡಿ. ಸುಮಾರು 60 ಕಿ.ಮೀ. ಉದ್ದ, ಅಗಲ ಕೆಲವೆಡೆ 17 ಕಿ.ಮೀ. ದಾಟುತ್ತದೆ, ಸರಾಸರಿ ಆಳ ಮಾತ್ರ ಒಂದು ಮೀಟರ್ ಆಸುಪಾಸು. ಇಂಥ ಕಡೆ ನೀರು ಎಷ್ಟಿದೆ ಅನ್ನೋದಕ್ಕಿಂತ ಎಷ್ಟು ಆಳ ಇದೆ ಅನ್ನೋದೇ ಲೆಕ್ಕ.

ಒಂದೊಂದು ಹಕ್ಕಿಗೆ ಒಂದೊಂದು ಆಳ. ಗೊರವ ಅಂದರೆ ಕೆಸರಲ್ಲಿ ನಡೆದು ಮೇಯುವ ಹಕ್ಕಿ, ಅದರಲ್ಲಿ ಪುಟ್ಟದಾದ ಲಿಟಲ್ ಸ್ಟಿಂಟ್‌ನ ಕಾಲಿನ ಕೆಳತುಂಡು ಬರೀ 2 ಸೆಂ.ಮೀ. ಚಿಲ್ಲರೆ. ಅದಕ್ಕೆ ಬೇಕಾದ್ದು ಒದ್ದೆ ಕೆಸರು, ಹೆಚ್ಚೆಂದರೆ 3–4 ಸೆಂ.ಮೀ. ನೀರು. ಮೆಟ್ಟುಗಾಲು ಹಕ್ಕಿ 15 ಸೆಂ.ಮೀ. ನೀರಲ್ಲೂ ಆರಾಮ. ಸೂಜಿಬಾಲದ ಬಾತು ತಲೆ ಕೆಳಗೆ ಮಾಡಿ ತಿನ್ನುವ ಜಾತಿ, ಅದರ ಕೊಕ್ಕು ತಳ ಮುಟ್ಟಬೇಕಾದರೆ 30–40 ಸೆಂ.ಮೀ. ಒಳಗಿರಬೇಕು. ದೊಡ್ಡ ರಾಜಹಂಸಕ್ಕೆ ಮೊಣಕಾಲು ಮುಳುಗುವ ನೀರು ಇಷ್ಟ. ಒಂದೂವರೆ ಮೀಟರ್ ನೀರು ನಿಂತರೆ ಇವರಲ್ಲಿ ಯಾರಿಗೂ ಊಟ ಇಲ್ಲ. ಆಗ ಸರೋವರ ಹೆಜ್ಜಾರ್ಲೆ (ಪೆಲಿಕನ್), ನೀರುಕಾಗೆ, ರೀವಗಳಂಥ ಮೀನು ಹಿಡಿಯುವ ಹಕ್ಕಿಗಳದ್ದು.

ತಳದ ಇಳಿಜಾರು ಕಿಲೋಮೀಟರಿಗೆ 10 ಸೆಂ.ಮೀ. ಅಂತಿಟ್ಟುಕೊಳ್ಳಿ. ನೀರು 10 ಸೆಂ.ಮೀ. ಇಳಿದರೆ ಒಂದು ಕಿ.ಮೀ. ಅಗಲದ ಹೊಸ ಕೆಸರು ತೆರೆದುಕೊಂಡಿತು. ಅದೇ 10 ಸೆಂ.ಮೀ. ಏರಿದರೆ ಒಂದು ಕಿ.ಮೀ. ಊಟದ ಎಲೆ ಎತ್ತಿಬಿಟ್ಟ ಹಾಗೆ.

ದುರ್ಬೀನು_ರಂಗ:
"ಊಟದ ಎಲೆ ಎತ್ತಿಬಿಟ್ಟ ಹಾಗೆ" 👌 ಇದನ್ನ ಆ ರಸ್ತೆಯಲ್ಲಿ ಬೋರ್ಡ್ ಬರೆಸಬೇಕು.

ಗದ್ದೆಗೊರವ:
ಕೆಸರುಗಾಲು ಅವರೆ, ಒಂದು ತಿದ್ದುಪಡಿ. ದೊಡ್ಡ ರಾಜಹಂಸ ಈಜುತ್ತೆ. ಕಾಲು ನಿಲುಕದ ನೀರಲ್ಲಿ ಬಾತುಕೋಳಿ ಥರ ಬಾಲ ಮೇಲೆ ಮಾಡಿ ತಿನ್ನೋದೂ ಉಂಟು. ಹಾಗಾಗಿ ಕಾಲುದ್ದ ಒಂದೇ ಕಾರಣ ಅಲ್ಲ. ಅದು ತಳದ ಕೆಸರನ್ನು ಎರಡೂ ಕಾಲಲ್ಲಿ ತುಳಿದು ಕದಡಿ, ಮೇಲೆದ್ದ ಹುಳುಗಳನ್ನು ಸೋಸುತ್ತೆ. ಸುತ್ತು ಹಾಕುತ್ತಾ ತುಳಿದ ಜಾಗದಲ್ಲಿ ಉದ್ದಿನವಡೆ ಆಕಾರದ ಗುಂಡಿಗಳೇ ಉಳಿಯುತ್ತವೆ, ನೀರು ಇಳಿದ ಮೇಲೆ ಚೆನ್ನಾಗಿ ಕಾಣುತ್ತೆ. ಈಜುತ್ತಾ ಇರುವಾಗ ಆ ತುಳಿತ ನಡೆಯಲ್ಲ. ಹೊಟ್ಟೆ ತುಂಬಲು ಹೆಚ್ಚು ಹೊತ್ತು ಬೇಕು, ಅದಕ್ಕೇ ಆಳ ಕಡಿಮೆ ಇರುವ ಕಡೆ ಹುಡುಕಿಕೊಂಡು ಹೋಗುತ್ತೆ.

ಕೆಸರುಗಾಲು:
ಒಪ್ಪಿದೆ. "ಯಾರಿಗೂ ಊಟ ಇಲ್ಲ" ಅಂದದ್ದು ಜಾಸ್ತಿ ಆಯ್ತು.

ರಿಫ್ರಾಕ್ಟೋ:
ಆಳದ ಜೊತೆ ಉಪ್ಪನ್ನೂ ಸೇರಿಸಿ, ಇಲ್ಲದಿದ್ದರೆ ಅರ್ಧ ಉತ್ತರ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಪುಲಿಕಾಟ್‌ನಲ್ಲಿ ಹಿಂಗಾರಿನ ನೆರೆ ಬಂದಾಗ ಅದು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತೆ, ಬೇಸಿಗೆಯಲ್ಲಿ 50 ದಾಟುತ್ತೆ. ಒಂದೇ ನೀರು, ಕೆಲವು ತಿಂಗಳಲ್ಲಿ ಸಿಹಿನೀರಿನಿಂದ ಸಮುದ್ರವನ್ನೂ ಮೀರಿದ ಉಪ್ಪಿಗೆ. ತಳದ ಹುಳು, ಪುಟ್ಟ ಚಿಪ್ಪಿಜೀವಿ, ಸೊಳ್ಳೆಯನ್ನು ಹೋಲುವ ನೊಣದ ಮರಿಹುಳು ಎಲ್ಲವೂ ಈ ಏರಿಳಿತಕ್ಕೆ ತಕ್ಕಂತೆ ಹೆಚ್ಚುತ್ತವೆ, ಸಾಯುತ್ತವೆ. ನೆರೆ ಬಂದು ಉಪ್ಪು ದಿಢೀರನೆ ಇಳಿದಾಗ ಉಪ್ಪುನೀರಿನ ಹುಳುಗಳು ಸಾಯುತ್ತವೆ, ಮತ್ತೆ ಹುಟ್ಟಿ ಬೆಳೆಯಲು ವಾರಗಳೇ ಬೇಕು. ಹಾಗಾಗಿ ತುಂಬಿದ ವರ್ಷದ ಡಿಸೆಂಬರ್‌ನಲ್ಲಿ ನೀರೂ ಆಳ, ತಳದಲ್ಲಿ ಊಟವೂ ತೆಳು. ಜನವರಿ ಕೊನೆ, ಫೆಬ್ರವರಿಗೆ ಎರಡೂ ಸರಿಹೋಗುತ್ತೆ. ಉಪ್ಪುಗಾಳಿ ಅವರೆ, ನೀವು ಡಿಸೆಂಬರ್‌ನಲ್ಲೇ ಲೆಕ್ಕ ಮುಚ್ಚಬೇಡಿ, ತುಂಬಿದ ವರ್ಷ ಹಕ್ಕಿ ಬರೋದು ತಡ, ಇರೋದೂ ತಡದವರೆಗೆ. ಮಳೆ ಕಡಿಮೆಯಾದ ವರ್ಷ ಬೇಗ ಕಾಣುತ್ತವೆ, ಉತ್ತರದ ಭಾಗ ಬೇಗ ಒಣಗಿ ಬೇಗ ಹೊರಡುತ್ತವೆ.

ಉಪ್ಪುಗಾಳಿ:
ಓಹ್. ಅಂದ್ರೆ ನಾನು ಹೋಲಿಸುತ್ತಿದ್ದದ್ದು ಎರಡು ವರ್ಷಗಳನ್ನಲ್ಲ, ಎರಡು ಹಂತಗಳನ್ನ.

ರಿಫ್ರಾಕ್ಟೋ:
ಹ್ಞೂಂ ಅದೇ.

ತೆಂಕಣಗಾಳಿ:
ಸೈಬೀರಿಯಾದಿಂದ ಅಷ್ಟು ದೂರ ಹಾರಿ ಬಂದು ಊಟ ಇಲ್ಲ ಅಂದ್ರೆ ಪಾಪ ರಾಜಹಂಸ ಎಲ್ಲಿಗೆ ಹೋಗಬೇಕು?

ಗದ್ದೆಗೊರವ:
ರಾಜಹಂಸ ಸೈಬೀರಿಯಾದಿಂದ ಬರಲ್ಲ ಸಾರ್! ಪ್ರತಿ ವರ್ಷ ಪತ್ರಿಕೆಗಳು ಇದನ್ನೇ ಅಚ್ಚು ಹಾಕ್ತವೆ. ಭಾರತದಲ್ಲಿ ದೊಡ್ಡ ರಾಜಹಂಸ ಗೂಡು ಕಟ್ಟುವ ಹೆಸರಾಂತ ಜಾಗ ಕಛ್‌ನ ರಣ. ಮಳೆ ಸರಿಯಾಗಿ ಆದ ವರ್ಷ ಅಲ್ಲಿ ಕೆಸರಿನ ಗೋಪುರದಂಥ ಗೂಡುಗಳ ಊರೇ ಏಳುತ್ತೆ. ನೀರು ಎಲ್ಲಿ ಹದವಾಗಿದೆಯೋ ಅಲ್ಲಿಗೆ ಉಪಖಂಡದೊಳಗೇ ಓಡಾಡುವ ಅಲೆಮಾರಿ ಇದು.

ನಿಜವಾಗಿ ಉತ್ತರದಿಂದ ಬರುವವರು ಬೇರೆ: ಲಿಟಲ್ ಸ್ಟಿಂಟ್, ಕರ್ಲ್ಯೂ ಸ್ಯಾಂಡ್‌ಪೈಪರ್ ಆರ್ಕ್ಟಿಕ್ ಅಂಚಿನಿಂದ. ಕರಿಬಾಲದ ಗಾಡ್‌ವಿಟ್, ರಫ್, ಸೂಜಿಬಾಲ, ಚಲುಕದ ಬಾತು ಎಲ್ಲ ಮಧ್ಯ ಏಷ್ಯಾ, ಸೈಬೀರಿಯಾ ಕಡೆಯವು. ಕ್ಯಾಮೆರಾ ಇವುಗಳ ಕಡೆ ತಿರುಗೋದೇ ಇಲ್ಲ, ಬಣ್ಣ ಇಲ್ಲವಲ್ಲ.

ಪಟ್ಟೆತಲೆ:
ಅದು ಬಿಡಿ, ಫ್ಲೆಮಿಂಗೊಗೆ 'ರಾಜಹಂಸ' ಅಂತ ಕರೆಯೋದೇ ತಪ್ಪು. ಹಳೆಯ ಸಂಸ್ಕೃತ ಕಾವ್ಯದ ರಾಜಹಂಸ ಮಾನಸ ಸರೋವರಕ್ಕೆ ಹೋಗಿಬರುವ ಹಕ್ಕಿ. ಅದು ಪಟ್ಟೆತಲೆ ಹೆಬ್ಬಾತು ಇರಬೇಕು. ಟಿಬೆಟ್‌ನಲ್ಲಿ ಮರಿ ಮಾಡಿ, ಹಿಮಾಲಯ ದಾಟಿ, ಚಳಿಗಾಲಕ್ಕೆ ನಮ್ಮ ಗದಗದ ಮಾಗಡಿ ಕೆರೆಗೆ ಬರೋದು ಅದೇ.

ದುರ್ಬೀನು_ರಂಗ:
ಶುರುವಾಯ್ತು 😄

ಗದ್ದೆಗೊರವ:
ಕಾವ್ಯದ ಹಂಸಕ್ಕೆ ಕೊಕ್ಕೂ ಕಾಲೂ ಕೆಂಪು ಅಂತ ಕೋಶಗಳು ಹೇಳುತ್ತವೆ. ಹೆಬ್ಬಾತಿನ ಕಾಲು ಹಳದಿ–ಕಿತ್ತಳೆ. ಫ್ಲೆಮಿಂಗೊಗೂ ಆ ವರ್ಣನೆ ಅಷ್ಟೇ ಒಗ್ಗುತ್ತೆ. ಇದು ಮುಗಿಯದ ವ್ಯಾಜ್ಯ, ಬೇರೆ ಎಳೆ ಶುರು ಮಾಡಿ. ಇಲ್ಲಿ ರಾಜಹಂಸ ಅಂದರೆ ಫ್ಲೆಮಿಂಗೊ, ಬಳಕೆಯ ಮಾತು, ಸಾಕು.

ಪಟ್ಟೆತಲೆ:
ಸರಿ, ಆದರೆ ದೊಡ್ಡದು, ಚಿಕ್ಕದು ಎರಡೂ ಅಲ್ಲಿ ಸಿಗುತ್ತವಲ್ಲ, ಅದನ್ನಾದರೂ ಬಿಡಿಸಿ ಹೇಳಿ. ಎಲ್ಲರೂ 'ಪಿಂಕ್ ಜಾಸ್ತಿ ಇದ್ದರೆ ಚಿಕ್ಕದು' ಅಂತಾರೆ.

ಗದ್ದೆಗೊರವ:
ಬಣ್ಣ ನಂಬಬೇಡಿ, ಅದು ಆಹಾರದ ಕ್ಯಾರೊಟಿನಾಯ್ಡ್‌ನಿಂದ ಬರೋದು, ವಯಸ್ಸಿಗೂ ಊಟಕ್ಕೂ ತಕ್ಕ ಹಾಗೆ ಬದಲಾಗುತ್ತೆ. ಮರಿ ಬೂದು–ಕಂದು, ಪೂರ್ತಿ ಬಣ್ಣಕ್ಕೆ ಎರಡು ಮೂರು ವರ್ಷ. ಕೊಕ್ಕು ನೋಡಿ. ದೊಡ್ಡದರ ಕೊಕ್ಕು ತೆಳು ಗುಲಾಬಿ, ತುದಿ ಮಾತ್ರ ಕಪ್ಪು. ಚಿಕ್ಕದರದು ಪೂರ್ತಿ ಗಾಢ ಕೆಂಪು–ಕಪ್ಪು, ದೂರದಿಂದ ಕಪ್ಪಾಗೇ ಕಾಣುತ್ತೆ. ಎತ್ತರ ದೊಡ್ಡದಕ್ಕೆ 120–145 ಸೆಂ.ಮೀ., ಚಿಕ್ಕದಕ್ಕೆ 80–90. ದೊಡ್ಡದು ತಲೆ ಪೂರ್ತಿ ಮುಳುಗಿಸಿ ತಳ ಕೆದಕುತ್ತೆ. ಚಿಕ್ಕದು ಕೊಕ್ಕನ್ನು ನೀರಿನ ಮೇಲ್ಪದರದಲ್ಲಿ ಅತ್ತಿತ್ತ ಆಡಿಸುತ್ತಾ ಕಣ್ಣಿಗೆ ಕಾಣದ ಪಾಚಿ ಸೋಸುತ್ತೆ. ಪುಲಿಕಾಟ್‌ನಲ್ಲಿ ಹಿಂಡುಗಳು ದೊಡ್ಡದರದ್ದೇ, ಚಿಕ್ಕದು ಸಿಕ್ಕರೆ ಅದೃಷ್ಟ.

ಮಟ್ಟಗೋಲು:
ರಸ್ತೆ ವಿಷಯ ಯಾರೂ ಎತ್ತಲಿಲ್ಲ. ಸೂಳ್ಳೂರುಪೇಟೆಯಿಂದ ಶ್ರೀಹರಿಕೋಟಕ್ಕೆ ಹೋಗುವ ಆ ರಸ್ತೆ ಸರೋವರವನ್ನು ಅಡ್ಡಕ್ಕೆ ಸೀಳುತ್ತೆ. ಮಣ್ಣಿನ ಏರಿ, ನಡುನಡುವೆ ಮೋರಿಗಳು. ಅಳಿವೆ, ಅಂದರೆ ಸರೋವರ ಸಮುದ್ರಕ್ಕೆ ತೆರೆಯುವ ಬಾಯಿ, ಇರುವುದು ದಕ್ಷಿಣದ ತುದಿಯಲ್ಲಿ, ತಮಿಳುನಾಡಿನ ಪುಲಿಕಾಟ್ ಊರ ಹತ್ತಿರ. ಉಬ್ಬರದ ನೀರು ಅಲ್ಲಿಂದ ಉತ್ತರಕ್ಕೆ ಹತ್ತಬೇಕಾದರೆ ಮೊದಲೇ ಶಕ್ತಿ ಕಡಿಮೆ, ಮೋರಿಯ ಬಾಯಲ್ಲಿ ಇನ್ನಷ್ಟು ಸೋರಿಹೋಗುತ್ತೆ. ಮೋರಿಯ ತಳ ಅಕ್ಕಪಕ್ಕದ ಸರೋವರದ ತಳಕ್ಕಿಂತ ಎತ್ತರ ಇದ್ದರೆ, ನೀರು ಆ ಮಟ್ಟಕ್ಕೆ ಇಳಿದ ದಿನದಿಂದ ಎರಡು ಬದಿಗೂ ಸಂಬಂಧವೇ ಇಲ್ಲ. ಉತ್ತರ ಬದಿ ಬಾಣಲೆ ಥರ ಕುದಿದು ಆರಿಹೋಗುತ್ತೆ. ಮಾರ್ಚ್ ನಂತರ ಆ ಬದಿ ಬಿಳಿ ಉಪ್ಪಿನ ಹೊಪ್ಪಳೆ ಕಾಣೋದು ಅದಕ್ಕೇ.

ಹೂಳೆತ್ತು:
ಅದಕ್ಕೆ ಪರಿಹಾರ ಸರಳ. ಅಳಿವೆ ಅಗೆದು ಅಗಲ ಮಾಡಿ, ಒಡಿಶಾದ ಚಿಲಿಕಾ ಸರೋವರದಲ್ಲಿ ಮಾಡಿದ ಹಾಗೆ. 1993ರಲ್ಲಿ ಚಿಲಿಕಾ ಮಾಂಟ್ರೋ ಪಟ್ಟಿಗೆ ಸೇರಿತ್ತು, ಅಂದರೆ ಹಾಳಾಗುತ್ತಿರುವ ರಾಮ್‌ಸಾರ್ ತಾಣಗಳ (ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ) ಪಟ್ಟಿ. 2000ದ ಸೆಪ್ಟೆಂಬರ್‌ನಲ್ಲಿ ಹೊಸ ಅಳಿವೆ ತೆರೆದರು, 2002ರಲ್ಲಿ ಪಟ್ಟಿಯಿಂದ ಹೊರಗೆ ಬಂತು, ಪ್ರಶಸ್ತಿಯೂ ಬಂತು. ಪುಲಿಕಾಟ್‌ಗೆ ಏನಡ್ಡಿ?

ಅಳಿವೆಬಾಯಿ:
ಮರಳು ಅಡ್ಡಿ.

ಹೂಳೆತ್ತು:
ಒಂದು ಪದದ ಉತ್ತರ ಬೇಡ ಮಾರಾಯ್ರೆ, ಬಿಡಿಸಿ ಹೇಳಿ.

ಅಳಿವೆಬಾಯಿ:
ಬಿಡಿಸೋಣ. ಕೋರಮಂಡಲ ತೀರದಲ್ಲಿ ಅಲೆಗಳು ಓರೆಯಾಗಿ ಬಡಿಯುತ್ತವೆ, ಮರಳು ದಡದುದ್ದಕ್ಕೂ ಸಾಗುತ್ತಿರುತ್ತೆ. ಮುಂಗಾರು ಕಾಲದಲ್ಲಿ ಉತ್ತರಕ್ಕೆ, ಹಿಂಗಾರಿನಲ್ಲಿ ದಕ್ಷಿಣಕ್ಕೆ. ವರ್ಷದ ಲೆಕ್ಕದಲ್ಲಿ ಉತ್ತರದ್ದೇ ಮೇಲುಗೈ. ಈ ಮರಳು ಅಳಿವೆಯ ಬಾಯಿಗೆ ಅಡ್ಡ ನಾಲಿಗೆ ಚಾಚುತ್ತೆ. ಒಳಗಿನಿಂದ ನುಗ್ಗುವ ನೀರಿಗೆ ಅದನ್ನು ಕೊಚ್ಚುವ ಬಲ ಇದ್ದಷ್ಟು ದಿನ ಬಾಯಿ ತೆರೆದಿರುತ್ತೆ. ಹಿಂಗಾರಿನಲ್ಲಿ ಅರಣಿ, ಕಾಳಂಗಿ, ಸ್ವರ್ಣಮುಖಿ ಹರಿದು ಬಂದಾಗ ಬಲ ಇದೆ. ಬೇಸಿಗೆಗೆ ಹೊಳೆ ಒಣ, ಉಬ್ಬರ–ಇಳಿತವೂ ಈ ತೀರದಲ್ಲಿ ಒಂದು ಮೀಟರ್ ಆಸುಪಾಸು ಮಾತ್ರ, ಬಾಯಿ ಕಟ್ಟಿಕೊಳ್ಳುತ್ತೆ. ಚಿಲಿಕಾಕ್ಕೆ ಮಹಾನದಿಯ ಕವಲುಗಳ ನೀರಿದೆ. ಪುಲಿಕಾಟ್‌ನ ಹೊಳೆಗಳು ಮಳೆ ನಿಂತ ತಿಂಗಳಲ್ಲೇ ಸೊರಗುತ್ತವೆ. ಅಗೆದರೆ ಆಗಲ್ಲ ಅನ್ನುತ್ತಿಲ್ಲ, ಒಮ್ಮೆ ಅಗೆದು ಕೈತೊಳೆಯೋ ಕೆಲಸ ಅಲ್ಲ ಅನ್ನುತ್ತಿದ್ದೇನೆ. ದಕ್ಷಿಣದಲ್ಲಿ ಎಣ್ಣೂರು, ಕಾಟ್ಟುಪಳ್ಳಿ ಬಂದರುಗಳ ತಡೆಗೋಡೆಗಳು ಮರಳಿನ ಸಾಗಾಟವನ್ನೇ ಬದಲಿಸಿವೆ, ಗೋಡೆಯ ದಕ್ಷಿಣಕ್ಕೆ ಮರಳು ಶೇಖರ, ಉತ್ತರಕ್ಕೆ ಕೊರೆತ. ಆ ಕೊರೆತದ ಬದಿಯಲ್ಲೇ ಪುಲಿಕಾಟ್‌ನ ಮರಳುದಿಬ್ಬ ಇರೋದು.

ಬಲೆಗಾರ:
ಮೀನುಗಾರರು ಕೈಯಾರೆ ಬಾಯಿ ಬಿಡಿಸುವಾಗ ಹೊತ್ತು ನೋಡಿಯೇ ಬಿಡಿಸುತ್ತಾರೆ, ಗುತ್ತಿಗೆದಾರರಿಗೆ ಅದು ತಿಳಿಯಲ್ಲ. ಸರೋವರದ ಮಟ್ಟ ಸಮುದ್ರಕ್ಕಿಂತ ಮೇಲಿರಬೇಕು. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸು, ಉಬ್ಬರ ತಿರುಗಿ ಇಳಿತ ಶುರುವಾದಾಗ ಕೊನೆಯ ತುಂಡು ಬಿಡಿಸಬೇಕು. ದಿಬ್ಬ ಅತಿ ಕಿರಿದಾದ ಕಡೆ ಮೊದಲು ಒಂದಾಳು ಅಗಲದ ಕಾಲುವೆ ಸಾಕು, ನೀರೇ ಅಗಲ ಮಾಡಿಕೊಳ್ಳುತ್ತೆ. ಸಮುದ್ರದ ಬದಿಯನ್ನು ಕೊನೆಗೆ ಬಿಡಿಸಬೇಕು. ಇದನ್ನೇ ಸರೋವರ ತಗ್ಗಿರುವ ಏಪ್ರಿಲ್‌ನಲ್ಲಿ ಯಂತ್ರ ತಂದು ಮಾಡಿದರೆ ಉಬ್ಬರ ಒಳಗೆ ಬರುತ್ತೆ, ಮರಳನ್ನೂ ತರುತ್ತೆ, ಇಳಿತಕ್ಕೆ ಅದನ್ನು ಹೊರಹಾಕುವ ಬಲ ಇರಲ್ಲ. ಕೆಲವೇ ದಿನಕ್ಕೆ ಮೊದಲಿನ ಹಾಗೇ. ತೆಗೆದ ಮರಳನ್ನು ದಕ್ಷಿಣ ದಡದಲ್ಲೇ ಸುರಿದರಂತೂ ಅದೇ ಮರಳು ಮುಂಗಾರಿನಲ್ಲಿ ತಿರುಗಿ ಬಾಯಿಗೇ ಬೀಳುತ್ತೆ.

ಹೂಳೆತ್ತು:
ಸರಿ ಗುರುಗಳೇ, 'ಸರಳ' ಅನ್ನೋ ಪದ ವಾಪಸ್ ತಗೊಂಡೆ. ಆದರೆ ಉತ್ತರದಲ್ಲಿ ತುಪಿಲಿಪಾಲೆಂ, ರಾಯದೊರುವು ಬಾಯಿಗಳೂ ಇವೆಯಲ್ಲ?

ಅಳಿವೆಬಾಯಿ:
ಇವೆ, ಬಹುಕಾಲ ಹೂಳು ತುಂಬಿ ಮುಚ್ಚಿಯೇ ಇರುತ್ತವೆ. ಇನ್ನೊಂದು ತಕರಾರು ಇದೆ ನೋಡಿ. ಸರೋವರದ ಬಹುಪಾಲು ಆಂಧ್ರದಲ್ಲಿ, ಹಕ್ಕಿಧಾಮ ಅಂತ 1976ರಲ್ಲೇ ಘೋಷಣೆ. ತಮಿಳುನಾಡಿನ ಪಾಲು ಚಿಕ್ಕದು, ಘೋಷಣೆ 1980ರಲ್ಲಿ. ಆದರೆ ಮುಖ್ಯ ಬಾಗಿಲು ಇರೋದು ತಮಿಳುನಾಡಿನಲ್ಲಿ. ಬೀಗದ ಕೈ ಒಂದು ಮನೆಯಲ್ಲಿ, ಕಣಜ ಇನ್ನೊಂದು ಮನೆಯಲ್ಲಿ.

ಕೆಸರುಗಾಲು:
ಹೂಳೆತ್ತು ಅವರಿಗೆ ನನ್ನದೂ ಒಂದು ಪ್ರಶ್ನೆ. ಬಾಯಿ ವರ್ಷವಿಡೀ ದೊಡ್ಡದಾಗಿ ತೆರೆದರೆ ಹಕ್ಕಿಗೆ ಲಾಭವೇ ಅಂತ ಖಾತ್ರಿ ಇದೆಯಾ? ಮೀನು, ಸಿಗಡಿಗೆ ಖಂಡಿತ ಲಾಭ. ಸಿಗಡಿ ಸಮುದ್ರದಲ್ಲಿ ಮೊಟ್ಟೆ ಇಡುತ್ತೆ, ಮರಿ ಒಳಗೆ ಬಂದು ಬೆಳೆಯುತ್ತೆ, ಬಾಯಿ ಕಟ್ಟಿದರೆ ಆ ಓಡಾಟವೇ ಇಲ್ಲ. ಆದರೆ ಗೊರವಗಳಿಗೆ ಬೇಕಾದ್ದು ಜನವರಿಯಿಂದ ಮಾರ್ಚ್‌ವರೆಗೆ ನಿಧಾನ ಇಳಿಯುವ ನೀರು. ದಿನಾ ಬೆಳಿಗ್ಗೆ ಒಂದೊಂದು ಬಳೆಯಷ್ಟು ಹೊಸ ಕೆಸರು. ಬಾಯಿ ದೊಡ್ಡದಾಗಿ, ನೆರೆ ನೀರು ಒಂದೇ ವಾರಕ್ಕೆ ಹರಿದುಹೋದರೆ ಆ ನಿಧಾನವೇ ಹೋಯಿತು. ಇತ್ತ ಬಾಯಿ ಪೂರ್ತಿ ಮುಚ್ಚಿದರೆ ಬೇಸಿಗೆಯ ಉಪ್ಪು ಎಲ್ಲವನ್ನೂ ಕೊಲ್ಲುತ್ತೆ. ಎರಡರ ನಡುವಿನ ಹದ ಬೇಕು.

ಬಲೆಗಾರ:
ಹಕ್ಕಿಗೆ ಹದ ಹುಡುಕುವಾಗ ಜನರನ್ನೂ ನೆನಪಿಡಿ. ಅಲ್ಲಿನ ಮೀನುಗಾರರಿಗೆ 'ಪಾಡು' ಅಂತ ಕಟ್ಟಳೆ ಇದೆ. ಯಾವ ನೆಲೆಯಲ್ಲಿ ಯಾವ ಊರು, ಯಾರು, ಯಾವ ದಿನ ಸಿಗಡಿ ಬಲೆ ಕಟ್ಟಬೇಕು ಅನ್ನೋದು ಸರದಿಯ ಮೇಲೆ, ಚೀಟಿ ಎತ್ತಿ ತೀರ್ಮಾನ. ಒಳ್ಳೆಯ ನೆಲೆ ಎಲ್ಲರಿಗೂ ತಿರುಗಿ ಬರುತ್ತೆ, ಒಂದೇ ಕಡೆ ಎಲ್ಲರೂ ಬೀಳಲ್ಲ. 'ಅಭಯಾರಣ್ಯ' ಅಂತ ಗೆರೆ ಎಳೆಯುವವರು ಇದನ್ನು ಓದಿಕೊಂಡು ಬರಲಿ.

ತೆಂಕಣಗಾಳಿ:
ಮೀನುಗಾರರೇ ಹಕ್ಕಿ ಓಡಿಸ್ತಾರೆ ಅಂತ ಕೇಳಿದ್ದೆ?

ಬಲೆಗಾರ:
ದೋಣಿ ಹೋಗುವ ಆಳದಲ್ಲಿ ಗೊರವ ನಿಲ್ಲಲ್ಲ, ಗೊರವ ನಿಲ್ಲುವ ಕಡೆ ದೋಣಿ ಹೋಗಲ್ಲ. ಜಗಳ ಬರೋದು ಬೇರೆ ಕಡೆ. ಸಣ್ಣ ಕಣ್ಣಿನ ಬಲೆ ಹಾಕಿ ಮರಿಯನ್ನೇ ಬಾಚಿದರೆ ಹೆಜ್ಜಾರ್ಲೆಗೂ ಮೀನಿಲ್ಲ, ಮುಂದಿನ ವರ್ಷ ಬಲೆಗೂ ಇಲ್ಲ. ಹರಿದ ನೈಲಾನ್ ಬಲೆ ಕೆಸರಲ್ಲಿ ಬಿಟ್ಟರೆ ಕಾಲು ಸಿಕ್ಕಿಕೊಳ್ಳುತ್ತೆ. ಅದನ್ನು ಮರೆಮಾಚಲ್ಲ.

ಮಟ್ಟಗೋಲು:
ಅಂಚಿನ ಸಿಗಡಿ ಹೊಂಡಗಳನ್ನೂ ಸೇರಿಸಿ. ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ ತೀರ್ಪಿನಲ್ಲಿ ಚಿಲಿಕಾ ಮತ್ತು ಪುಲಿಕಾಟ್‌ನಿಂದ 1000 ಮೀಟರ್ ಒಳಗೆ ಸಿಗಡಿ ಕೃಷಿ ಹೊಂಡ ಕೂಡದು ಅಂದಿತ್ತು, ಹಳೆಯ ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ರಿಯಾಯಿತಿ. ಹೊಂಡ ಕಟ್ಟಿದರೆ ಹಾನಿ ಎರಡು ಥರ. ಏರಿ ಹಾಕಿದ ಜಾಗ ಅಂಚಿನ ತೆಳು ನೀರು, ಅದೇ ಗೊರವದ ಜಾಗ. ಹೊಂಡ ಖಾಲಿ ಮಾಡಿದಾಗ ತಿನಿಸಿನ ಉಳಿಕೆ ಸರೋವರಕ್ಕೆ ಹೋಗಿ ಪಾಚಿ ಕಟ್ಟುತ್ತೆ, ರಾತ್ರಿ ಹೊತ್ತು ನೀರಲ್ಲಿ ಆಮ್ಲಜನಕ ಸಾಲಲ್ಲ. ದಡದಲ್ಲಿ ಬಳ್ಳಾರಿ ಜಾಲಿ ಬೇರೆ ಹಬ್ಬಿದೆ. ಗೊರವಗಳು ವಿಶ್ರಾಂತಿಗೆ ಬಯಲು ದಡವನ್ನೇ ಹುಡುಕುತ್ತವೆ, ಹದ್ದು ಬರೋದು ದೂರದಿಂದ ಕಾಣಬೇಕು. ಪೊದೆ ಬೆಳೆದರೆ ಆ ಜಾಗ ಬಿಡುತ್ತವೆ.

ಅಘನಾಶಿನಿ_ಅಕ್ಕ:
ನಮ್ಮ ಕರಾವಳಿಯಲ್ಲಿ ಯಾಕೆ ಇಂಥ ಸರೋವರ ಇಲ್ಲ ಅಂತ ಯಾರಾದರೂ ಹೇಳುವಿರಾ? ಇಲ್ಲಿ ಅಳಿವೆ, ಗಜನಿ (ಉಪ್ಪುನೀರು ನುಗ್ಗುವ ಗದ್ದೆ), ಚಿಪ್ಪಿಕಲ್ಲು ಎಲ್ಲ ಉಂಟು. 2024ರಲ್ಲಿ ಅಘನಾಶಿನಿಗೆ ರಾಮ್‌ಸಾರ್ ಹಣೆಪಟ್ಟಿಯೂ ಸಿಕ್ಕಿತು. ರಾಜಹಂಸದ ಇಂಥ ಹಿಂಡು ಮಾತ್ರ ಇಲ್ಲ.

ಅಳಿವೆಬಾಯಿ:
ಅಕ್ಕ, ಘಟ್ಟ ಹತ್ತಿರ ಇದೆ. ನಮ್ಮ ಹೊಳೆಗಳು ಗಿಡ್ಡ, ಕಡಿದಾದ ಇಳಿಜಾರು, ಮಳೆಗಾಲದ ಸೆಳವು ಜೋರು, ಅಳಿವೆ ಕಣಿವೆಯ ಆಕಾರದಲ್ಲೇ ಉಳಿಯುತ್ತೆ. ಪೂರ್ವ ತೀರ ಚಪ್ಪಟೆ, ಮರಳು ಧಾರಾಳ, ದಿಬ್ಬ ಬೆಳೆದು ಹಿಂದೆ ನೀರನ್ನು ಸೆರೆಹಿಡಿದಿದೆ. ಶ್ರೀಹರಿಕೋಟ ಅಂಥದೇ ಒಂದು ದಿಬ್ಬ. ಅಘನಾಶಿನಿಯಲ್ಲಿ ಉಬ್ಬರ ದಿನಕ್ಕೆರಡು ಸಲ ಕೆಸರು ಮುಚ್ಚಿ ತೆರೆಯುತ್ತೆ, ಹಕ್ಕಿಯ ಊಟದ ಗಂಟೆ ಚಂದ್ರ ಹೇಳಿದಂತೆ. ಪುಲಿಕಾಟ್‌ನ ಉತ್ತರದಲ್ಲಿ ಋತು ಹೇಳಿದಂತೆ, ಗಾಳಿ ಹೇಳಿದಂತೆ.

ಅಘನಾಶಿನಿ_ಅಕ್ಕ:
ಗಾಳಿ ಹೇಳಿದಂತೆ ಅಂದರೆ ಎಂತ?

ಅಳಿವೆಬಾಯಿ:
ನೀರು ಅಷ್ಟು ತೆಳು ಇರುವಾಗ ಜೋರು ಗಾಳಿ ಅದನ್ನು ಒಂದು ಬದಿಗೆ ತಳ್ಳುತ್ತೆ. ಈಶಾನ್ಯ ಗಾಳಿ ಎರಡು ದಿನ ಬೀಸಿದರೆ ನೀರು ನೈಋತ್ಯದ ಕಡೆ ಸರಿದು, ಎದುರು ಬದಿಯ ಕೆಸರು ತೆರೆದುಕೊಳ್ಳುತ್ತೆ. ಗಾಳಿ ನಿಂತರೆ ವಾಪಸ್. ನಿನ್ನೆ ಹಿಂಡು ಇದ್ದ ಜಾಗದಲ್ಲಿ ಇವತ್ತು ಇಲ್ಲ ಅಂದರೆ ಯಾರೋ ಓಡಿಸಿದರು ಅಂತಲೇ ಅಲ್ಲ.

ದುರ್ಬೀನು_ರಂಗ:
ಈಗ ಉಪ್ಪುಗಾಳಿ ಅವರ ಎರಡನೇ ಪ್ರಶ್ನೆ, ಎಲ್ಲರೂ ಮರೆತಿರಿ.

ಸೂಳ್ಳೂರುಪೇಟೆಯಿಂದ ಪೂರ್ವಕ್ಕೆ ಅದೇ ರಸ್ತೆ, ಸುಮಾರು 10 ಕಿ.ಮೀ. ಹೋದರೆ ಅಟಕಾನಿತಿಪ್ಪ, ಅಲ್ಲಿ ಅರಣ್ಯ ಇಲಾಖೆಯ ಮಾಹಿತಿ ಕೇಂದ್ರ ಇದೆ. ರಸ್ತೆ ಪಶ್ಚಿಮದಿಂದ ಪೂರ್ವಕ್ಕೆ, ಹಾಗಾಗಿ ಬೆಳಿಗ್ಗೆ ನೇರ ಎದುರಿಗೆ ನೋಡದೆ ಎಡಕ್ಕೆ, ಬಲಕ್ಕೆ ನೋಡಿ. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ರಸ್ತೆಯಿಂದ ಉತ್ತರಕ್ಕೆ ಮುಖ ಮಾಡಿದರೆ ಬೆಳಕು ಬೆನ್ನಿಗೆ, ಕೊಕ್ಕಿನ ಬಣ್ಣ ಸ್ಪಷ್ಟ. ದಕ್ಷಿಣಕ್ಕೆ ನೋಡಿದರೆ ಎಲ್ಲ ಹಕ್ಕಿಯೂ ಕಪ್ಪು ನೆರಳು. ಆರೂವರೆಗೆ ಅಲ್ಲಿರಿ. ಒಂಬತ್ತೂವರೆ ದಾಟಿದರೆ ಕೆಸರಿನ ಮೇಲೆ ಬಿಸಿಗಾಳಿ ಕುಣಿಯುತ್ತೆ, 60 ಪಟ್ಟು ಟೆಲಿಸ್ಕೋಪ್ ಇದ್ದರೂ ಕಾಣೋದು ನಡುಗುವ ಚಿತ್ರ. ಆಗ 20–25 ಪಟ್ಟಿಗೆ ಇಳಿಸಿ.

ರಸ್ತೆಯಿಂದ ಕೆಳಗೆ ಇಳಿಯಬೇಡಿ. ಮೇಲೆ ಒಣಗಿದ ಪದರ, ಕೆಳಗೆ ಮೊಣಕಾಲು ಹೂಳುವ ಕೆಸರು. ರಾಜಹಂಸ ನಿಂತಲ್ಲಿಂದ ಹಾರಲಾರದು, ನೀರ ಮೇಲೆ ಹೆಜ್ಜೆ ಹಾಕುತ್ತಾ ಓಡಿ ಏಳಬೇಕು, ಒಂದು ಸಲ ಎಬ್ಬಿಸಿದರೆ ಅದರ ಆ ಹೊತ್ತಿನ ಊಟ ಖೋತಾ. ಹಿಂಡಿನ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದು, ಒಂದೇ ದಿಕ್ಕಿಗೆ ನಡೆಯಲು ಶುರು ಮಾಡಿದರೆ ನೀವು ಆಗಲೇ ಹತ್ತಿರ ಬಂದಾಯಿತು, ಹಿಂದೆ ಸರಿಯಿರಿ. ಡ್ರೋನ್ ಮಾತೇ ಬೇಡ, ಪಕ್ಕದಲ್ಲಿರೋದು ರಾಕೆಟ್ ಹಾರಿಸುವ ಜಾಗ.

ತಮಿಳುನಾಡಿನ ಬದಿಯಲ್ಲಿ ಅಣ್ಣಾಮಲೈಚೇರಿಯೂ ಒಳ್ಳೆಯದು.

ಪಟ್ಟೆತಲೆ:
ನೇಲಪಟ್ಟು ಬಿಟ್ಟುಬಿಟ್ರಲ್ಲ ರಂಗಣ್ಣ.

ದುರ್ಬೀನು_ರಂಗ:
ಹೌದಲ್ಲ. ಪುಲಿಕಾಟ್‌ನಿಂದ ಸುಮಾರು 20 ಕಿ.ಮೀ., ಸಿಹಿನೀರಿನ ಕೆರೆ, ನೀರಲ್ಲೇ ನಿಂತ ಹೊಳೆಕೌವ ಮರಗಳು. ಅವುಗಳ ಮೇಲೆ ಚುಕ್ಕೆಕೊಕ್ಕಿನ ಹೆಜ್ಜಾರ್ಲೆ ಗೂಡು ಕಟ್ಟುತ್ತವೆ, ಜೊತೆಗೆ ಬಾಯ್ಕಳಕ, ನೀರುಕಾಗೆ, ಬೆಳ್ಳಕ್ಕಿ. ಮರಿಗೆ ಮೀನು ತರೋದು ಪುಲಿಕಾಟ್‌ನಿಂದಲೂ. ತೊಟ್ಟಿಲು ಇಲ್ಲಿ, ಅಡುಗೆಮನೆ ಅಲ್ಲಿ. ನೇಲಪಟ್ಟುವಿಗೆ ತುಂಬಿದ ಕೆರೆ ಬೇಕು, ಮರದ ಬುಡದಲ್ಲಿ ನೀರಿದ್ದರೆ ಬೆಕ್ಕು, ನರಿ ಹತ್ತಲ್ಲ. ಪುಲಿಕಾಟ್‌ಗೆ ತೆಳು ನೀರು. ಅದೇ ಮಳೆ ಒಂದಕ್ಕೆ ವರ, ಇನ್ನೊಂದಕ್ಕೆ ಒಂದು ತಿಂಗಳು ಕಾಯುವ ಶಿಕ್ಷೆ.

ಕೆಸರುಗಾಲು:
ಎಣಿಕೆ ಬಗ್ಗೆ ಒಂದು ಮಾತು, ಏಕೆಂದರೆ 'ಸಾವಿರಗಟ್ಟಲೆ' ಅನ್ನೋದರಿಂದ ಯಾರಿಗೂ ಉಪಯೋಗ ಇಲ್ಲ. ಹಿಂಡಿನ ಒಂದು ತುದಿಯಲ್ಲಿ 50 ಹಕ್ಕಿ ಒಂದೊಂದಾಗಿ ಎಣಿಸಿ. ಆ 50 ದೃಶ್ಯದಲ್ಲಿ ಎಷ್ಟು ಅಗಲ ಹಿಡಿಯಿತು ಅಂತ ಮನಸ್ಸಲ್ಲಿಟ್ಟುಕೊಂಡು, ಅದೇ ಅಳತೆಯನ್ನು ಇನ್ನೊಂದು ತುದಿವರೆಗೆ ಹಾಸುತ್ತಾ ಹೋಗಿ. ನಡುವೆ ಹಿಂಡು ದಟ್ಟ ಆದ ಕಡೆ ನಿಂತು ಮತ್ತೆ 50 ಎಣಿಸಿ ಅಳತೆ ಸರಿಮಾಡಿ, ಹೆಚ್ಚಿನವರು ತಪ್ಪೋದು ಅಲ್ಲೇ, ದಟ್ಟ ಭಾಗದಲ್ಲಿ ಅರ್ಧಕ್ಕರ್ಧ ಕಡಿಮೆ ಬರೀತಾರೆ. ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ. ಬೂದು ಮರಿಗಳನ್ನು ಬೇರೆ ಬರೆಯಿರಿ, ಅದರಿಂದ ಹಿಂದಿನ ಗೂಡುಕಾಲ ಹೇಗಿತ್ತು ಅನ್ನೋದರ ಸುಳಿವು ಸಿಗುತ್ತೆ. ಏಷ್ಯಾ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೀತಿದೆ, ಒಂದೇ ಜಾಗ, ಒಂದೇ ವಾರ, ಒಂದೇ ವಿಧಾನ. ಒಂದು ತಾಣದಲ್ಲಿ 20,000 ನೀರುಹಕ್ಕಿ ನಿಯಮಿತವಾಗಿ ಸೇರಿದರೆ ರಾಮ್‌ಸಾರ್‌ನ ಐದನೇ ಮಾನದಂಡ ತಲುಪಿದಂತೆ. ಒಂದು ಜಾತಿಯ ಒಟ್ಟು ಸಂಖ್ಯೆಯ ಶೇ. 1 ಸೇರಿದರೆ ಆರನೆಯದು. ಈ ಅಂಕಿಗಳಿಗೆ ಕಾನೂನಿನ ತೂಕ ಇದೆ, ಸುಮ್ಮನೆ ಸೊನ್ನೆ ಸೇರಿಸಬೇಡಿ.

ತೆಂಕಣಗಾಳಿ:
ಸತ್ತ ಹಕ್ಕಿ ಕಂಡರೆ ಏನು ಮಾಡಬೇಕು? ಸಾಂಬಾರ್ ಸರೋವರದ ಸುದ್ದಿ ನೆನಪಿದೆ.

ರಿಫ್ರಾಕ್ಟೋ:
ಬರಿಗೈಯಲ್ಲಿ ಮುಟ್ಟಬೇಡಿ, ಅದು ಮೊದಲನೆಯದು. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಬಾರ್‌ನಲ್ಲಿ ಸುಮಾರು 18,000 ಹಕ್ಕಿ ಸತ್ತದ್ದು ಬಾಟುಲಿಸಂನಿಂದ. ಅದು ಸೋಂಕು ಅಲ್ಲ, ಒಂದು ಬ್ಯಾಕ್ಟೀರಿಯಾ ಉಗುಳುವ ವಿಷ. ಕೊಳೆತ ಹಕ್ಕಿಯ ಮೈಯಲ್ಲಿ ವಿಷ ಹುಟ್ಟುತ್ತೆ, ನೊಣದ ಹುಳು ಅದನ್ನು ತಿಂದೂ ಸಾಯಲ್ಲ, ಆ ಹುಳು ತಿಂದ ಹಕ್ಕಿ ಸಾಯುತ್ತೆ, ಅದರ ಮೇಲೆ ಮತ್ತೆ ಹುಳು. ಈ ಸರಪಳಿ ಕಡಿಯಲು ಶವಗಳನ್ನು ಬೇಗ ತೆಗೆದು ಸುಡಬೇಕು ಇಲ್ಲ ಆಳವಾಗಿ ಹೂಳಬೇಕು. ಲಕ್ಷಣ: ಮೊದಲು ರೆಕ್ಕೆ, ಕಾಲು ಸೋಲುತ್ತೆ, ಆಮೇಲೆ ಕುತ್ತಿಗೆ ನಿಲ್ಲದೆ ನೀರಿಗೆ ಬೀಳುತ್ತೆ. ಆದರೆ ನೋಡಿ ಹೇಳಲಾಗದು, ಹಕ್ಕಿಜ್ವರವೂ ಇರಬಹುದು, ಅದನ್ನು ಭೋಪಾಲ್‌ನ ಪ್ರಯೋಗಾಲಯವೇ ಖಚಿತ ಮಾಡಬೇಕು. ಜಾಗ, ಹೊತ್ತು, ಯಾವ ಜಾತಿ ಎಷ್ಟು, ಫೋಟೊ ಸಮೇತ ಅರಣ್ಯ ಇಲಾಖೆಗೆ ತಿಳಿಸಿ. ಒಂದೇ ಜಾತಿ ಸತ್ತಿದೆಯಾ, ಎಲ್ಲವೂ ಸೇರಿದೆಯಾ ಅನ್ನೋದು ಅವರಿಗೆ ಬಹಳ ಮುಖ್ಯ. ಒಂದೆರಡು ಹಕ್ಕಿ ವಿದ್ಯುತ್ ತಂತಿಯ ಕೆಳಗೇ ಬಿದ್ದಿದ್ದರೆ ರಾತ್ರಿ ಹಾರುವಾಗ ಬಡಿದದ್ದೂ ಇರಬಹುದು.

ಉಪ್ಪುಗಾಳಿ:
ಇಷ್ಟೆಲ್ಲ ಆದ ಮೇಲೆ ಇನ್ನೊಂದು ಕೇಳ್ತೀನಿ, ಬೈಬೇಡಿ. ಹೋಗುವವರು ನೀರಿನ ಆಳ, ಉಪ್ಪು ದಾಖಲಿಸಿದರೆ ಉಪಯೋಗ ಆಗುತ್ತಾ, ಹೇಗೆ?

ಮಟ್ಟಗೋಲು:
ಬೈಯೋದೇನು, ಇಲ್ಲಿ ಯಾರೂ ಕೇಳದ ಒಳ್ಳೆ ಪ್ರಶ್ನೆ ಇದೇ. ನೀರಿಗಿಳಿದು ಅಳೆಯಬೇಡಿ. ರಸ್ತೆಯ ಒಂದು ಮೋರಿ ಆರಿಸಿ, ಕಾಂಕ್ರೀಟಿನ ಮೇಲಂಚಿನಿಂದ ನೀರಿನ ಮೇಲ್ಮೈಗೆ ತೂಕ ಕಟ್ಟಿದ ಟೇಪ್ ಇಳಿಸಿ, ಅಷ್ಟೇ. ಎಷ್ಟು ಸೆಂ.ಮೀ. ಕೆಳಗಿದೆ ಅಂತ ಬರೆಯಿರಿ. ಆಳ ಗೊತ್ತಾಗದಿದ್ದರೂ ಏರಿತಾ ಇಳಿಯಿತಾ ಗೊತ್ತಾಗುತ್ತೆ. ಪ್ರತಿ ಸಲ ಅದೇ ಮೋರಿ, ಅದೇ ಅಂಚು, ಎರಡೂ ಬದಿ. ಉತ್ತರ, ದಕ್ಷಿಣ ಎರಡರ ನಡುವೆ ವ್ಯತ್ಯಾಸ ದಿನೇದಿನೇ ಹೆಚ್ಚುತ್ತಿದ್ದರೆ ಮೋರಿ ಕಟ್ಟಿಕೊಂಡಿದೆ ಅಂತಲೇ ಅರ್ಥ.

ರಿಫ್ರಾಕ್ಟೋ:
ಉಪ್ಪಿಗೆ ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್, 0–100 ಅಳತೆಯದು. ಮೊದಲು ಬಟ್ಟಿ ಇಳಿಸಿದ ನೀರಿನ ಒಂದು ಹನಿ ಹಾಕಿ ಸೊನ್ನೆಗೆ ತಿರುಗಿಸಿ, ಗಾಜು ಒರೆಸಿ, ಆಮೇಲೆ ಸರೋವರದ ಹನಿ. ಬಿಸಿಲಲ್ಲಿ ಕಾದ ಉಪಕರಣ ಸುಳ್ಳು ಹೇಳುತ್ತೆ, ನೆರಳಲ್ಲಿ ಐದು ನಿಮಿಷ ಇಟ್ಟು ಓದಿ. ಮೀನಿನ ತೊಟ್ಟಿಗೆ ಅಂತ ಮಾರುವ ತೇಲುಗಾಜಿನ ಅಳತೆ ಬೇಡ, ಬೇಸಿಗೆಯ ಉಪ್ಪಿಗೆ ಅದರ ಗೆರೆಯೇ ಸಾಲಲ್ಲ.

ಅಳಿವೆಬಾಯಿ:
ಗಾಳಿಯ ದಿಕ್ಕೂ ಬರೆಯಿರಿ, ಇಲ್ಲದಿದ್ದರೆ ಮೋರಿಯ ಲೆಕ್ಕ ಗೊಂದಲ ಆಗುತ್ತೆ.

ಉಪ್ಪುಗಾಳಿ:
ಟೇಪ್, ತೂಕದ ಕಲ್ಲು, ಬಟ್ಟಿನೀರಿನ ಸೀಸೆ. ಪಟ್ಟಿ ಮಾಡ್ಕೊಂಡೆ.

ಪಟ್ಟೆತಲೆ:
ರಾಜಹಂಸದ ಹೆಸರಿಗೆ ಬೇರೆ ಎಳೆ ತೆರೆದಿದ್ದೇನೆ, ಗದ್ದೆಗೊರವ ಅವರು ಅಲ್ಲಿಗೆ ಬರಲಿ.